‘ಹೊಡೆದ ಹುಡುಗ’ ಯಾರು? ಇಂಗ್ಲಿಷಿನ ರಿಲೇಟಿವ್ ಕ್ಲಾಜ್ ಮತ್ತು ಪಾರ್ಟಿಸಿಪಲ್‌ಗಳನ್ನು ಕನ್ನಡದ ಕಡೆಯಿಂದ ನೋಡಿದರೆ

"ಹೊಡೆದ ಹುಡುಗ" ಎಂದರೆ ಯಾರು? ಏಟು ಕೊಟ್ಟವನೋ, ತಿಂದವನೋ? "ರಾಜುಗೆ ಹೊಡೆದ ಹುಡುಗ" ಅಂದರೆ ಕೊಟ್ಟವನು, "ರಾಜು ಹೊಡೆದ ಹುಡುಗ" ಅಂದರೆ ತಿಂದವನು. ಬರೀ "ಹೊಡೆದ ಹುಡುಗ" ಅಂದರೆ ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಎಲ್ಲ ಕಡೆಯೂ "ಹೊಡೆದ" ಎಂಬ ರೂಪ ಒಂದೇ. ತನಗೂ ಮುಂದೆ ಬರುವ "ಹುಡುಗ"ನಿಗೂ ಏನು ಸಂಬಂಧ ಎಂಬುದನ್ನು ಅದು ಹೇಳುವುದೇ ಇಲ್ಲ. ಕನ್ನಡ ಮಾತಾಡುವವರಿಗೆ ಇದು ಕೊರತೆ ಅಂತ ಅನಿಸುವುದೂ ಇಲ್ಲ. ಕೇಳುವವರು ಆ ಸಂಬಂಧವನ್ನು ತಾವೇ ಕೂಡಿಸಿಕೊಳ್ಳುತ್ತಾರೆ.

ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಏಟು ಕೊಟ್ಟವನು "ದಿ ಬಾಯ್ ಹೂ ಹಿಟ್ ರಾಜು", ತಿಂದವನು "ದಿ ಬಾಯ್ ದಟ್ ರಾಜು ಹಿಟ್". ಪದಗಳ ಸಾಲಿನಲ್ಲೇ ಯಾರು ಯಾರಿಗೆ ಎಂಬುದು ಗೊತ್ತಾಗಬೇಕು. ರಿಲೇಟಿವ್ ಕ್ಲಾಜ್ ("ಹೂ ಹಿಟ್ ರಾಜು" ಥರ ನಾಮಪದವನ್ನು ವಿವರಿಸುವ ಒಳವಾಕ್ಯ) ಮತ್ತು ಪಾರ್ಟಿಸಿಪಲ್ (ಕ್ರಿಯಾಪದದ "ಸ್ಟ್ಯಾಂಡಿಂಗ್", "ರಿಟನ್" ಥರದ ರೂಪ) ವಿಷಯದಲ್ಲಿ ಕನ್ನಡಿಗರು ಎಡವುವ ಜಾಗಗಳನ್ನು ಒಟ್ಟುಮಾಡಿ ನೋಡಿದರೆ, ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ: ಕನ್ನಡ ಕೇಳುಗರ ಊಹೆಗೆ ಬಿಟ್ಟದ್ದನ್ನು ಇಂಗ್ಲಿಷ್ ಬಾಯಿಬಿಟ್ಟು ಹೇಳಿಸುತ್ತದೆ. "ಹೂ", "ವಿಚ್", "ದಟ್" ಯಾವಾಗ ಬಳಸಬೇಕು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ನಮ್ಮ ಕೈಯಲ್ಲಿ ಏನಿದೆ ಅಂತ ಮೊದಲು ನೋಡೋಣ. ಶಾಲೆಯ ವ್ಯಾಕರಣದಲ್ಲಿ ಕೃದಂತ ಎಂಬ ಪಾಠ ಓದಿದ ನೆನಪು ಹಲವರಿಗಿರಬಹುದು. "ಮಾಡಿದ, ಮಾಡುವ, ಮಾಡದ" ಇವು ನಾಮಪದದ ಮುಂದೆ ಕೂತು ಅದನ್ನು ವಿವರಿಸುತ್ತವೆ. ಇಂಗ್ಲಿಷಿನ ರಿಲೇಟಿವ್ ಕ್ಲಾಜ್ ಮಾಡುವ ಕೆಲಸ ಇದೇ. "ಮಾಡಿ, ಮಾಡುತ್ತಾ, ಮಾಡದೆ" ಇವು ಇನ್ನೊಂದು ಕ್ರಿಯಾಪದಕ್ಕೆ ಜೋತುಬೀಳುತ್ತವೆ. ಇಂಗ್ಲಿಷಿನ ಪಾರ್ಟಿಸಿಪಲ್ ಫ್ರೇಜ್ ಮಾಡುವ ಕೆಲಸ ಬಹುಪಾಲು ಇದು. ಅಂದರೆ ಎರಡೂ ಸಾಮಾನು ನಮ್ಮ ಹತ್ತಿರ ಹುಟ್ಟಿನಿಂದಲೇ ಇವೆ. ಅವುಗಳ ಜೋಡಣೆ ಮಾತ್ರ ಬೇರೆ.

ಜೋಡಣೆಯ ಮೊದಲ ವ್ಯತ್ಯಾಸ ದಿಕ್ಕಿನದು. ಕನ್ನಡದಲ್ಲಿ ವಿವರಣೆಯೆಲ್ಲ ಮೊದಲು, ನಾಮಪದ ಕೊನೆಗೆ. ಇಂಗ್ಲಿಷಿನಲ್ಲಿ ನಾಮಪದ ಮೊದಲು, ವಿವರಣೆ ಅದರ ಬೆನ್ನಿಗೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆದರೆ ಒಂದರೊಳಗೊಂದು ವಿವರಣೆ ಸೇರಿಕೊಂಡಾಗ ಕೈ ನಡುಗುತ್ತದೆ. ಈ ವಾಕ್ಯ ತೆಗೆದುಕೊಳ್ಳಿ: "ನಿನ್ನೆ ನಾನು ಮಾತಾಡಿಸಿದ ಅಧಿಕಾರಿ ಕೊಟ್ಟ ಅರ್ಜಿ ಕಳೆದುಹೋಗಿದೆ." ಕನ್ನಡದಲ್ಲಿ ಇದು ಏನೂ ಅಲ್ಲ, ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಇದನ್ನು ಎಡದಿಂದ ಇಂಗ್ಲಿಷಿಗೆ ತಿರುಗಿಸಲು ಹೊರಟರೆ "ಯೆಸ್ಟರ್ಡೇ ಐ ಸ್ಪೋಕ್..." ಎಂದು ಶುರುವಾಗಿ ಮೂರನೇ ಪದಕ್ಕೇ ದಾರಿ ತಪ್ಪುತ್ತದೆ.

ಕೊನೆಯಿಂದ ಹಿಡಿಯಿರಿ. ಏನಾಯಿತು? ಕಳೆದುಹೋಗಿದೆ: "ಐ ಹ್ಯಾವ್ ಲಾಸ್ಟ್". ಏನು? ಅರ್ಜಿ: "ದಿ ಫಾರ್ಮ್". ಯಾರು ಕೊಟ್ಟದ್ದು? "ಗಿವನ್ ಟು ಮಿ ಬೈ ದಿ ಆಫೀಸರ್". ಯಾವ ಅಧಿಕಾರಿ? "ಐ ಸ್ಪೋಕ್ ಟು ಯೆಸ್ಟರ್ಡೇ". ಎಲ್ಲ ಕೂಡಿದರೆ "ಐ ಹ್ಯಾವ್ ಲಾಸ್ಟ್ ದಿ ಫಾರ್ಮ್ ಗಿವನ್ ಟು ಮಿ ಬೈ ದಿ ಆಫೀಸರ್ ಐ ಸ್ಪೋಕ್ ಟು ಯೆಸ್ಟರ್ಡೇ." ಕನ್ನಡದ ಮೊದಲ ಪದ "ನಿನ್ನೆ" ಇಂಗ್ಲಿಷಿನ ಕೊನೆಯ ಪದವಾಯಿತು. ಇಡೀ ವಾಕ್ಯ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕೂತಿದೆ.

ಇದೇ ಮಾತನ್ನು "ದಿ ಫಾರ್ಮ್ ದಟ್ ದಿ ಆಫೀಸರ್ ಐ ಸ್ಪೋಕ್ ಟು ಯೆಸ್ಟರ್ಡೇ ಗೇವ್ ಮಿ ಈಸ್ ಲಾಸ್ಟ್" ಅಂತಲೂ ಬರೆಯಬಹುದು. ವ್ಯಾಕರಣ ಸರಿಯಾಗಿದೆ, ಓದುವವರ ಪಾಡು ಸರಿಯಿಲ್ಲ. "ಸ್ಪೋಕ್", "ಗೇವ್", "ಈಸ್" ಮೂರೂ ಕ್ರಿಯಾಪದಗಳು ಕೊನೆಯಲ್ಲಿ ರಾಶಿಬಿದ್ದು, ಯಾವುದು ಯಾರದು ಎಂದು ಹುಡುಕಬೇಕಾಗುತ್ತದೆ. ಉದ್ದದ ವಿವರಣೆ ಹೊತ್ತ ನಾಮಪದವನ್ನು ವಾಕ್ಯದ ಕೊನೆಗೆ ತಳ್ಳಿದರೆ ಇಂಗ್ಲಿಷ್ ಸಲೀಸಾಗಿ ಓದಿಸಿಕೊಳ್ಳುತ್ತದೆ. ಕನ್ನಡಕ್ಕೆ ಈ ಚಿಂತೆ ಇಲ್ಲ, ಅದರ ಭಾರವೆಲ್ಲ ಎಡಗಡೆ.

ದಿಕ್ಕು ತಿರುಗಿಸುವುದು ಅಭ್ಯಾಸದಿಂದ ಬರುತ್ತದೆ. ಮತ್ತೆ ಮತ್ತೆ ಕೈಕೊಡುವುದು ಆಗಲೇ ಹೇಳಿದ ಸಂಬಂಧದ ವಿಷಯ. "ಬರೆದ" ಎಂಬ ಒಂದು ರೂಪ ಎಷ್ಟು ಕಡೆ ಓಡಾಡುತ್ತದೆ ನೋಡಿ: ಅವಳು ಬರೆದ ಪತ್ರ, ಅವಳು ಬರೆದ ಪೆನ್ನು, ಅವಳು ಪತ್ರ ಬರೆದ ದಿನ, ಅವಳು ಪತ್ರ ಬರೆದ ಕಾರಣ, ಅವಳು ಪತ್ರ ಬರೆದ ಗೆಳತಿ. ಪತ್ರವನ್ನು ಬರೆದಳು, ಪೆನ್ನಿನಿಂದ ಬರೆದಳು, ಆ ದಿನದಂದು ಬರೆದಳು, ಆ ಕಾರಣಕ್ಕೆ ಬರೆದಳು, ಗೆಳತಿಗೆ ಬರೆದಳು. ವಿಭಕ್ತಿ ಪ್ರತ್ಯಯಗಳೆಲ್ಲ ಮಾಯ. ಪೆನ್ನನ್ನು ಯಾರೂ ಬರೆಯುವುದಿಲ್ಲ ಎಂಬ ಲೋಕಜ್ಞಾನವೇ ಇಲ್ಲಿ ವ್ಯಾಕರಣದ ಅರ್ಧ ಕೆಲಸ ಮಾಡುತ್ತಿದೆ.

ಇಂಗ್ಲಿಷಿನಲ್ಲಿ "ದಿ ಲೆಟರ್ ಶಿ ರೋಟ್" ಸರಿ. ಆದರೆ "ದಿ ಪೆನ್ ಶಿ ರೋಟ್" ಎಂದರೆ ತಪ್ಪು, "ದಿ ಪೆನ್ ಶಿ ರೋಟ್ ವಿತ್" ಆಗಬೇಕು. ಗೆಳತಿ "ದಿ ಫ್ರೆಂಡ್ ಶಿ ರೋಟ್ ಟು". ಮೇಜು "ದಿ ಟೇಬಲ್ ಶಿ ರೋಟ್ ಅಟ್". ದಿನ ಮತ್ತು ಕಾರಣಕ್ಕೆ ಮಾತ್ರ ಸ್ವಲ್ಪ ರಿಯಾಯಿತಿ: "ದಿ ಡೇ ಶಿ ರೋಟ್", "ದಿ ರೀಸನ್ ಶಿ ರೋಟ್" ಸಾಕು, ಬೇಕಿದ್ದರೆ "ವೆನ್", "ವೈ" ಸೇರಿಸಬಹುದು. ಜಾಗಕ್ಕೆ "ವೇರ್" ಇದೆ. "ದಿ ಹೌಸ್ ವಿಚ್ ಐ ವಾಸ್ ಬಾರ್ನ್" ಎಂದು ಬರೆದು ನಿಲ್ಲಿಸುವವರು ಬಹಳ. "ಹುಟ್ಟಿದ ಮನೆ"ಯಲ್ಲಿ "ಅಲ್ಲಿ" ಎಂಬುದು ಎಲ್ಲೂ ಕಾಣುವುದಿಲ್ಲವಲ್ಲ, ಹಾಗಾಗಿ ಇಂಗ್ಲಿಷಿನಲ್ಲೂ ಬಿಟ್ಟುಹೋಗುತ್ತದೆ. "ವೇರ್ ಐ ವಾಸ್ ಬಾರ್ನ್" ಎನ್ನಿ, ಇಲ್ಲವೇ "ವಿಚ್ ಐ ವಾಸ್ ಬಾರ್ನ್ ಇನ್" ಎನ್ನಿ.

ಪರೀಕ್ಷಿಸಿಕೊಳ್ಳುವ ಉಪಾಯ ಒಂದಿದೆ. ವಿವರಣೆಯನ್ನು ಬಿಡಿಸಿ ಪೂರ್ತಿ ವಾಕ್ಯ ಮಾಡಿ: "ಶಿ ರೋಟ್ ವಿತ್ ದಿ ಪೆನ್." ಇದರಲ್ಲಿ "ದಿ ಪೆನ್" ಅನ್ನು ಮುಂದಕ್ಕೆ ಎಳೆದುಕೊಳ್ಳಿ. ಉಳಿದದ್ದೆಲ್ಲ ಇದ್ದ ಜಾಗದಲ್ಲೇ ಇರಬೇಕು, "ವಿತ್" ಕೂಡ. ಎಳೆದುಕೊಂಡ ಜಾಗ ಖಾಲಿಯೇ ಉಳಿಯಬೇಕು. ಅಲ್ಲಿ ಇನ್ನೊಂದು ಸರ್ವನಾಮ ತಂದು ಕೂರಿಸಿದರೆ "ದಿ ಬುಕ್ ವಿಚ್ ಐ ಬಾಟ್ ಇಟ್" ಎಂಬಂಥ ವಾಕ್ಯ ಹುಟ್ಟುತ್ತದೆ. "ವಿಚ್" ಇರುವಾಗ "ಇಟ್"ಗೆ ಅಲ್ಲಿ ಕೆಲಸವಿಲ್ಲ. ವಾಕ್ಯ ಚಿಕ್ಕದಿದ್ದರೆ ಈ ತಪ್ಪು ಕಣ್ಣಿಗೆ ಬೀಳುತ್ತದೆ, ಉದ್ದವಾದಾಗ ನುಸುಳಿಬಿಡುತ್ತದೆ.

"ಹೂ", "ವಿಚ್", "ದಟ್" ಪೂರ್ತಿ ಬಿಡುವುದು ಯಾವಾಗ ಎಂಬ ಪ್ರಶ್ನೆಗೂ ಉತ್ತರ ಇದೇ ಪರೀಕ್ಷೆಯಲ್ಲಿದೆ. ಎಳೆದುಕೊಂಡ ನಾಮಪದ ಒಳವಾಕ್ಯದ ಕರ್ಮವಾಗಿದ್ದರೆ ಬಿಡಬಹುದು: "ದಿ ಬುಕ್ ಐ ಬಾಟ್". ಕರ್ತೃವಾಗಿದ್ದರೆ ಬಿಡುವ ಹಾಗಿಲ್ಲ: "ದಿ ಮ್ಯಾನ್ ಕೇಮ್ ಯೆಸ್ಟರ್ಡೇ ಈಸ್ ಮೈ ಅಂಕಲ್" ಎನ್ನುವುದು ಕನ್ನಡದ "ನಿನ್ನೆ ಬಂದವರು ನಮ್ಮ ಮಾವ" ಎಂಬುದರ ನೆರಳು. ಅಲ್ಲಿ "ಹೂ" ಇಲ್ಲದಿದ್ದರೆ ಓದುವವರು "ದಿ ಮ್ಯಾನ್ ಕೇಮ್ ಯೆಸ್ಟರ್ಡೇ" ಎಂಬಲ್ಲಿಗೇ ವಾಕ್ಯ ಮುಗಿಯಿತು ಅಂದುಕೊಳ್ಳುತ್ತಾರೆ, ಆಮೇಲೆ "ಈಸ್" ಎದುರಾಗಿ ಗಲಿಬಿಲಿ. "ಹೂಮ್" ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಮಾತಿನಲ್ಲಿ ಅದು ಅಪರೂಪವಾಗಿದೆ. "ಟು ಹೂಮ್", "ವಿತ್ ಹೂಮ್" ಎಂದು ಪ್ರಿಪೊಸಿಷನ್ನಿನ ಬೆನ್ನಲ್ಲೇ ಬಂದಾಗ ಮಾತ್ರ ಅದು ಬೇಕೇ ಬೇಕು.

ಯಾವ ಭಾಷೆ ಯಾವ ನಾಮಪದವನ್ನು ಹೀಗೆ ಎಳೆದುಕೊಳ್ಳಬಲ್ಲದು ಎಂಬುದರ ಮೇಲೆ ಭಾಷಾವಿಜ್ಞಾನಿಗಳಾದ ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ 1977ರಲ್ಲಿ ಒಂದು ಹೆಸರಾಂತ ಪ್ರಬಂಧ ಪ್ರಕಟಿಸಿದರು. ಅವರು ಕಂಡ ಕ್ರಮ ಇದು: ಕರ್ತೃವನ್ನು ಎಳೆಯುವುದು ಎಲ್ಲಕ್ಕಿಂತ ಸುಲಭ, ಆಮೇಲೆ ನೇರ ಕರ್ಮ, ಆಮೇಲೆ "ಯಾರಿಗೆ" ಎಂಬ ಕರ್ಮ, ಆಮೇಲೆ ಸಾಧನ ಸ್ಥಳ ಮುಂತಾದವು, ಆಮೇಲೆ ಷಷ್ಠಿಯ "ಯಾರ" ಎಂಬ ಸಂಬಂಧ, ಕೊನೆಗೆ ಹೋಲಿಕೆ. ಇಂಗ್ಲಿಷ್ ಈ ಏಣಿಯ ಕಡೇ ಮೆಟ್ಟಿಲಿನವರೆಗೂ ಇಳಿಯುತ್ತದೆ. "ದಿ ಬಾಯ್ ಐ ಆಮ್ ಟಾಲರ್ ದ್ಯಾನ್" ಎನ್ನಬಹುದು. ಕನ್ನಡದ ಕೃದಂತಕ್ಕೆ ಅಷ್ಟು ದೂರ ಇಳಿಯಲು ಆಗುವುದಿಲ್ಲ. "ನಾನು ಎತ್ತರವಾಗಿರುವ ಹುಡುಗ" ಎಂದರೆ ಆ ಅರ್ಥ ಬರುವುದೇ ಇಲ್ಲ. "ನಾನು ಬಂದ ಗೆಳೆಯ" ಎಂದು "ಜೊತೆ"ಯನ್ನು ನುಂಗುವುದೂ ಕಷ್ಟ. ಅಂಥ ಕಡೆ ನಾವು ಬೇರೆ ದಾರಿ ಹಿಡಿಯುತ್ತೇವೆ: "ನಾನು ಯಾರ ಜೊತೆ ಬಂದೆನೋ ಆ ಗೆಳೆಯ". ಈ "ಯಾವ... ಆ" ಜೋಡಿಯ ಗುಂಗಿನಲ್ಲೇ ಇಂಗ್ಲಿಷಿಗೆ ಹೋದರೆ "ವಿಚ್ ಫ್ರೆಂಡ್ ಐ ಕೇಮ್ ವಿತ್, ದಟ್ ಫ್ರೆಂಡ್" ಎಂಬ ವಿಚಿತ್ರ ರಚನೆ ಬರುತ್ತದೆ. ಇಂಗ್ಲಿಷಿಗೆ ಜೋಡಿ ಬೇಡ, "ದಿ ಫ್ರೆಂಡ್ ಐ ಕೇಮ್ ವಿತ್" ಎಂದರೆ ಮುಗಿಯಿತು.

ಷಷ್ಠಿಗೆ "ಹೂಸ್". "ಅಪ್ಪ ಡಾಕ್ಟರಾಗಿರುವ ಹುಡುಗಿ" ಎಂಬಲ್ಲಿ "ಅವಳ ಅಪ್ಪ" ಎಂಬುದನ್ನು ಕನ್ನಡ ನುಂಗಿದೆ, ಇಂಗ್ಲಿಷ್ "ದಿ ಗರ್ಲ್ ಹೂಸ್ ಫಾದರ್ ಈಸ್ ಎ ಡಾಕ್ಟರ್" ಎಂದು ಹೇಳಿಸುತ್ತದೆ. "ಹೂಸ್" ಮನುಷ್ಯರಿಗಷ್ಟೇ ಎಂಬ ನಂಬಿಕೆ ಕೆಲವರಲ್ಲಿದೆ. ಹಾಗೇನಿಲ್ಲ, "ಎ ಹೌಸ್ ಹೂಸ್ ರೂಫ್ ಲೀಕ್ಸ್" ಧಾರಾಳವಾಗಿ ಸರಿ.

ಇನ್ನು ಅಲ್ಪವಿರಾಮ. ನೋಡಲು ಚಿಕ್ಕದು, ಅರ್ಥವನ್ನೇ ತಿರುಗಿಸಿಬಿಡುತ್ತದೆ. "ಬೇಗ ಮುಗಿಸಿದ ವಿದ್ಯಾರ್ಥಿಗಳು ಮನೆಗೆ ಹೋದರು" ಎಂದರೆ ಮುಗಿಸದವರು ಉಳಿದರು ಎಂಬ ಅರ್ಥ. "ದಿ ಸ್ಟೂಡೆಂಟ್ಸ್ ಹೂ ಫಿನಿಶ್ಡ್ ಅರ್ಲಿ ವೆಂಟ್ ಹೋಮ್", ಅಲ್ಪವಿರಾಮವಿಲ್ಲ. ಅದೇ ವಾಕ್ಯದಲ್ಲಿ "ಸ್ಟೂಡೆಂಟ್ಸ್" ಆದ ಮೇಲೊಂದು, "ಅರ್ಲಿ" ಆದ ಮೇಲೊಂದು ಅಲ್ಪವಿರಾಮ ಹಾಕಿ. ಈಗ ವಿದ್ಯಾರ್ಥಿಗಳೆಲ್ಲರೂ ಬೇಗ ಮುಗಿಸಿದರು, ಎಲ್ಲರೂ ಹೋದರು. ಮೊದಲನೆಯದರಲ್ಲಿ ವಿವರಣೆ ಗುಂಪನ್ನು ಜರಡಿ ಹಿಡಿಯುತ್ತದೆ. ಎರಡನೆಯದರಲ್ಲಿ ಬರೀ ಹೆಚ್ಚಿನ ಮಾಹಿತಿ ಕೊಡುತ್ತದೆ, ತೆಗೆದುಹಾಕಿದರೂ ವಾಕ್ಯ ನಿಲ್ಲುತ್ತದೆ.

ಕನ್ನಡದ ಕೃದಂತಕ್ಕೆ ಈ ಭೇದ ಗೊತ್ತಿಲ್ಲ. "ಪೂರ್ವದಲ್ಲಿ ಹುಟ್ಟುವ ಸೂರ್ಯ" ಎಂದಾಗ ಪಶ್ಚಿಮದಲ್ಲಿ ಹುಟ್ಟುವ ಇನ್ನೊಬ್ಬ ಸೂರ್ಯ ಇದ್ದಾನೆಯೇ ಅಂತ ಯಾರೂ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಅಲ್ಪವಿರಾಮವಿಲ್ಲದೆ "ದಿ ಸನ್ ವಿಚ್ ರೈಸಸ್ ಇನ್ ದಿ ಈಸ್ಟ್" ಎಂದು ಬರೆದರೆ ಆ ಪ್ರಶ್ನೆ ಏಳುತ್ತದೆ. "ಮೈ ಬ್ರದರ್ ಹೂ ಲಿವ್ಸ್ ಅಬ್ರಾಡ್" ಎಂದು ಬರೆದರೆ ನಿಮಗೆ ಒಬ್ಬರಿಗಿಂತ ಹೆಚ್ಚು ಸಹೋದರರಿದ್ದಾರೆ ಎಂದು ಹೇಳಿದ ಹಾಗಾಯಿತು. ಒಬ್ಬರೇ ಇದ್ದರೆ ಅಲ್ಪವಿರಾಮ ಹಾಕಿ. ವ್ಯಕ್ತಿಯ ಹೆಸರಿನ ಬೆನ್ನಿಗೆ ಬರುವ "ಹೂ"ಗೆ ಹೆಚ್ಚುಕಡಿಮೆ ಯಾವಾಗಲೂ ಅಲ್ಪವಿರಾಮ ಬೇಕಾಗುವುದೂ ಇದಕ್ಕೇ, ಹೆಸರು ಹೇಳಿದ ಮೇಲೆ ಜರಡಿ ಹಿಡಿಯಲು ಏನು ಉಳಿದಿದೆ?

ಅಲ್ಪವಿರಾಮದ ಜೊತೆ "ದಟ್" ಬರುವುದಿಲ್ಲ, ಅಲ್ಲಿ "ವಿಚ್" ಅಥವಾ "ಹೂ". ಇದು ಗಟ್ಟಿ ನಿಯಮ. ಅದರ ತಿರುವುಮುರುವು, ಅಂದರೆ ಅಲ್ಪವಿರಾಮ ಇಲ್ಲದ ಕಡೆ "ವಿಚ್" ಬರಲೇಬಾರದು ಎಂಬುದು, ಗಟ್ಟಿ ನಿಯಮವಲ್ಲ. ಇಂಗ್ಲಿಷ್ ಬಳಕೆಯ ನಿಘಂಟು ಬರೆದ ಹೆನ್ರಿ ಫೌಲರ್ 1926ರಲ್ಲಿ ಇಂಥ ಹಂಚಿಕೆ ಮಾಡಿಕೊಂಡರೆ ಬರಹ ಸ್ಪಷ್ಟವಾಗುತ್ತದೆ ಎಂದು ಸಲಹೆ ಕೊಟ್ಟರು. ಬರಹಗಾರರು ಆಗ ಹಾಗೆ ಬರೆಯುತ್ತಿಲ್ಲ ಎಂಬುದನ್ನು ಅವರೇ ಒಪ್ಪಿಕೊಂಡಿದ್ದರು. ಆ ಸಲಹೆಯನ್ನು ಅಮೆರಿಕದ ಸಂಪಾದಕರು ಹೆಚ್ಚಾಗಿ ನಿಯಮದಂತೆ ಪಾಲಿಸುತ್ತಾರೆ, ಬ್ರಿಟಿಷ್ ಬರಹದಲ್ಲಿ "ವಿಚ್" ಎರಡೂ ಕಡೆ ಸಿಗುತ್ತದೆ. ನಿಮ್ಮ ಕಂಪ್ಯೂಟರ್ ಅಲ್ಪವಿರಾಮವಿಲ್ಲದ "ವಿಚ್" ಕೆಳಗೆ ಗೆರೆ ಎಳೆದರೆ ಗಾಬರಿ ಬೇಡ.

ಅಲ್ಪವಿರಾಮದ "ವಿಚ್" ಇನ್ನೊಂದು ಕೆಲಸ ಮಾಡುತ್ತದೆ, ಹಿಂದಿನ ಇಡೀ ಸಂಗತಿಯನ್ನು ಹಿಡಿದುಕೊಳ್ಳುತ್ತದೆ. "ಹಿ ಕೇಮ್ ಲೇಟ್, ವಿಚ್ ಅಪ್ಸೆಟ್ ಎವ್ರಿವನ್." ಕನ್ನಡದಲ್ಲಿ ಇದಕ್ಕೆ "ಅವನು ತಡವಾಗಿ ಬಂದದ್ದು ಎಲ್ಲರಿಗೂ ಬೇಸರ ತಂದಿತು" ಎಂದೋ, "ಇದರಿಂದ" ಎಂದು ಹೊಸ ವಾಕ್ಯ ಶುರುಮಾಡಿಯೋ ಹೇಳುತ್ತೇವೆ. ಬಳಸಿಕೊಳ್ಳಿ, ಉಪಯುಕ್ತ ರಚನೆ. ಆದರೆ "ಹಿ ಸೋಲ್ಡ್ ದಿ ಕಾರ್, ವಿಚ್ ವಾಸ್ ಎ ಮಿಸ್ಟೇಕ್" ಎಂಬಲ್ಲಿ ತಪ್ಪು ಕಾರಿನದೋ ಮಾರಿದ್ದರದೋ ಎಂಬುದನ್ನು ಅರ್ಥವೇ ಕಾಪಾಡಬೇಕು.

ರಿಲೇಟಿವ್ ಕ್ಲಾಜನ್ನು ಕುಗ್ಗಿಸಿದರೆ ಪಾರ್ಟಿಸಿಪಲ್ ಸಿಗುತ್ತದೆ. "ದಿ ಮ್ಯಾನ್ ಹೂ ಈಸ್ ಸ್ಟ್ಯಾಂಡಿಂಗ್ ಅಟ್ ದಿ ಡೋರ್" ಕುಗ್ಗಿ "ದಿ ಮ್ಯಾನ್ ಸ್ಟ್ಯಾಂಡಿಂಗ್ ಅಟ್ ದಿ ಡೋರ್". "ದಿ ಲೆಟರ್ ದಟ್ ವಾಸ್ ರಿಟನ್ ಬೈ ಹರ್" ಕುಗ್ಗಿ "ದಿ ಲೆಟರ್ ರಿಟನ್ ಬೈ ಹರ್". ಮಾಡುವವರಿಗೆ "ಇಂಗ್" ರೂಪ, ಮಾಡಿಸಿಕೊಂಡದ್ದಕ್ಕೆ "ಎಡ್" ಅಥವಾ "ರಿಟನ್", "ಬ್ರೋಕನ್" ಥರದ ರೂಪ. ಇಲ್ಲೂ ಕನ್ನಡ ನಮ್ಮನ್ನು ಹಳ್ಳಕ್ಕೆ ಕರೆದೊಯ್ಯುತ್ತದೆ. "ಬರೆದ ಹುಡುಗಿ", "ಬರೆದ ಪತ್ರ" ಎರಡಕ್ಕೂ ಒಂದೇ "ಬರೆದ" ಇರುವುದರಿಂದ "ದಿ ಗರ್ಲ್ ರಿಟನ್ ದಿ ಲೆಟರ್" ಎಂದು ಬರೆದುಬಿಡುತ್ತಾರೆ. ಮಾಡಿ ಮುಗಿಸಿದವರನ್ನು ಕುಗ್ಗಿಸುವ ದಾರಿ ಇಂಗ್ಲಿಷಿನಲ್ಲಿ ಬಹುಪಾಲು ಇಲ್ಲ. "ನಿನ್ನೆ ಕಿಟಕಿ ಒಡೆದ ಹುಡುಗ" ಎನ್ನಲು "ದಿ ಬಾಯ್ ಬ್ರೇಕಿಂಗ್ ದಿ ವಿಂಡೋ ಯೆಸ್ಟರ್ಡೇ" ಆಗುವುದಿಲ್ಲ, "ದಿ ಬಾಯ್ ಬ್ರೋಕನ್" ಅಂತೂ ಹುಡುಗನೇ ಮುರಿದುಹೋದ ಹಾಗೆ. "ಹೂ ಬ್ರೋಕ್" ಎಂದು ಪೂರ್ತಿ ಹೇಳಲೇಬೇಕು. "ಐ ಆಮ್ ಇಂಟರೆಸ್ಟಿಂಗ್ ಇನ್ ಮ್ಯೂಸಿಕ್" ಎಂಬ ತಪ್ಪಿನ ಬೇರೂ ಇಲ್ಲೇ ಇದೆ. ಆಸಕ್ತಿ ಹುಟ್ಟಿಸುವುದು ಸಂಗೀತ, ಹುಟ್ಟಿಸಿಕೊಂಡವರು ನೀವು, ಹಾಗಾಗಿ "ಇಂಟರೆಸ್ಟೆಡ್".

ಒಂದು ತಮಾಷೆ. "ಐ ಆಮ್ ನೋಯಿಂಗ್" ಎಂದರೆ ಎಲ್ಲರೂ ನಗುತ್ತಾರೆ, "ನೋ" ಎಂಬ ಕ್ರಿಯಾಪದಕ್ಕೆ "ಇಂಗ್" ಹಚ್ಚಬಾರದು ಅಂತ. ಆದರೆ "ಎನಿವನ್ ನೋಯಿಂಗ್ ದಿ ಆನ್ಸರ್", "ಎ ಬಾಕ್ಸ್ ಕಂಟೇನಿಂಗ್ ಬುಕ್ಸ್" ಪೂರ್ತಿ ಸರಿ. ಕುಗ್ಗಿಸಿದ "ಇಂಗ್" ರೂಪಕ್ಕೆ "ಮಾಡುತ್ತಿರುವ" ಎಂಬ ಅರ್ಥವೇ ಇರಬೇಕೆಂದಿಲ್ಲ, "ಮಾಡುವ" ಎಂದೂ ಆಗುತ್ತದೆ.

ಕುಗ್ಗಿಸುವಾಗ ಓದುವವರನ್ನು ಮರೆಯಬಾರದು ಎಂಬುದಕ್ಕೆ ಮನೋಭಾಷಾವಿಜ್ಞಾನಿ ಥಾಮಸ್ ಬೀವರ್ 1970ರಲ್ಲಿ ಕೊಟ್ಟ ವಾಕ್ಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ: "ದಿ ಹಾರ್ಸ್ ರೇಸ್ಡ್ ಪಾಸ್ಟ್ ದಿ ಬಾರ್ನ್ ಫೆಲ್." ಕುದುರೆ ಕೊಟ್ಟಿಗೆಯ ಪಕ್ಕದಲ್ಲಿ ಓಡಿತು ಎಂದು ಓದಿಕೊಂಡು ಬರುತ್ತೇವೆ, ಕೊನೆಗೆ "ಫೆಲ್" ಎದುರಾಗಿ ಎಲ್ಲ ಕುಸಿಯುತ್ತದೆ. ನಿಜವಾದ ಅರ್ಥ, ಕೊಟ್ಟಿಗೆಯ ಪಕ್ಕ ಓಡಿಸಲ್ಪಟ್ಟ ಕುದುರೆ ಬಿತ್ತು. "ರೇಸ್ಡ್" ಇಲ್ಲಿ "ದಟ್ ವಾಸ್ ರೇಸ್ಡ್" ಎಂಬುದರ ಕುಗ್ಗಿದ ರೂಪ. ಭೂತಕಾಲದ ಕ್ರಿಯಾಪದವೂ ಪಾರ್ಟಿಸಿಪಲ್ಲೂ ನೋಡಲು ಒಂದೇ ಥರ ಇರುವ ಕಡೆ "ದಟ್ ವಾಸ್" ಉಳಿಸಿಕೊಳ್ಳುವುದು ಜಾಣತನ. "ಹಾರ್ಸ್ ರಿಡನ್ ಪಾಸ್ಟ್ ದಿ ಬಾರ್ನ್" ಎಂದಿದ್ದರೆ ಯಾರೂ ಎಡವುತ್ತಿರಲಿಲ್ಲ, "ರೋಡ್" ಮತ್ತು "ರಿಡನ್" ಬೇರೆ ಬೇರೆ ಕಾಣುತ್ತವೆ.

ಇಷ್ಟು ಹೊತ್ತು ನಾಮಪದಕ್ಕೆ ಅಂಟಿದ ಪಾರ್ಟಿಸಿಪಲ್ ನೋಡಿದೆವು. ವಾಕ್ಯದ ಬದಿಯಲ್ಲಿ ನಿಂತು ಇಡೀ ಕ್ರಿಯೆಯನ್ನು ವಿವರಿಸುವ ಇನ್ನೊಂದಿದೆ. "ಹ್ಯಾವಿಂಗ್ ಫಿನಿಶ್ಡ್ ದಿ ವರ್ಕ್, ಹಿ ಲೆಫ್ಟ್" ಎಂದರೆ "ಕೆಲಸ ಮುಗಿಸಿ ಹೊರಟ". "ನಾಟ್ ನೋಯಿಂಗ್ ದಿ ವೇ, ವಿ ಆಸ್ಕ್ಡ್" ಎಂದರೆ "ದಾರಿ ಗೊತ್ತಿಲ್ಲದೆ ಕೇಳಿದೆವು". ನಿಷೇಧದ "ನಾಟ್" ಯಾವಾಗಲೂ ಪಾರ್ಟಿಸಿಪಲ್ಲಿನ ಮುಂದೆಯೇ ಕೂರುತ್ತದೆ.

ಇಲ್ಲಿ ಎಲ್ಲ ವ್ಯಾಕರಣ ಪುಸ್ತಕಗಳೂ ಹೆದರಿಸುವ ತಪ್ಪು ಡ್ಯಾಂಗ್ಲಿಂಗ್ ಪಾರ್ಟಿಸಿಪಲ್, ಅಂದರೆ ಒಡೆಯನಿಲ್ಲದೆ ನೇತಾಡುವ ಪಾರ್ಟಿಸಿಪಲ್. "ಎಂಟರಿಂಗ್ ದಿ ರೂಮ್, ದಿ ಲೈಟ್ಸ್ ವೆಂಟ್ ಆಫ್." ಕೋಣೆಯೊಳಗೆ ಹೋದದ್ದು ದೀಪಗಳೇ? ಪಾರ್ಟಿಸಿಪಲ್ಲಿನ ಕರ್ತೃವೂ ಮುಖ್ಯ ವಾಕ್ಯದ ಕರ್ತೃವೂ ಒಂದೇ ಆಗಿರಬೇಕು ಎಂಬುದು ನಿಯಮ. ಕನ್ನಡಿಗರಿಗೆ ಇದನ್ನು ಹೊಸದಾಗಿ ಕಲಿಸುವ ಅಗತ್ಯವಿಲ್ಲ. "ಕೋಣೆಯೊಳಗೆ ಹೋಗಿ ದೀಪ ಆರಿತು" ಎಂದು ಹೇಳಿ ನೋಡಿ, ಕಿವಿ ಒಪ್ಪುವುದಿಲ್ಲ. "ಹೋಗುತ್ತಿದ್ದಂತೆ ದೀಪ ಆರಿತು" ಎನ್ನುತ್ತೇವೆ. ಹಾಗಾಗಿ ಕನ್ನಡದಲ್ಲಿ "ಮಾಡಿ", "ಬಂದು", "ನೋಡುತ್ತಾ" ಎಂದು ಹೇಳಲು ಆಗುವುದಾದರೆ ಇಂಗ್ಲಿಷಿನಲ್ಲಿ ಪಾರ್ಟಿಸಿಪಲ್ ಪ್ರಯತ್ನಿಸಬಹುದು. "ಹೋದಾಗ", "ಹೋದ ಮೇಲೆ", "ಹೋಗುತ್ತಿದ್ದಂತೆ" ಎಂಬುದೇ ಬೇಕಾದರೆ "ವೆನ್", "ಆಫ್ಟರ್", "ಆಸ್" ಹಾಕಿ, ಕರ್ತೃವನ್ನು ಹೆಸರಿಸಿ. "ಆಸ್ ಐ ಎಂಟರ್ಡ್ ದಿ ರೂಮ್, ದಿ ಲೈಟ್ಸ್ ವೆಂಟ್ ಆಫ್."

ಕಿವಿಯನ್ನು ಪೂರ್ತಿ ನಂಬಬಾರದ ಜಾಗವೂ ಒಂದಿದೆ, ಕನ್ನಡಿಗರ ನೇತಾಡುವ ಪಾರ್ಟಿಸಿಪಲ್ಲುಗಳು ಹುಟ್ಟುವುದು ಹೆಚ್ಚಾಗಿ ಅಲ್ಲೇ. "ಸುದ್ದಿ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು." "ವರದಿ ಓದಿ ಅವಳಿಗೆ ಸಿಟ್ಟು ಬಂತು." ಇವು ಚೊಕ್ಕ ಕನ್ನಡ. ವ್ಯಾಕರಣದ ಲೆಕ್ಕದಲ್ಲಿ "ಬಂತು" ಎಂಬುದರ ಕರ್ತೃ ನೀರು, ಸಿಟ್ಟು. ಆದರೆ ಅನುಭವಿಸುವವರು "ನನಗೆ", "ಅವಳಿಗೆ" ಎಂದು ಚತುರ್ಥಿ ವಿಭಕ್ತಿಯಲ್ಲಿ ಕೂತಿದ್ದಾರೆ, ಕನ್ನಡ ಅವರನ್ನೇ ಒಡೆಯರೆಂದು ಒಪ್ಪಿಕೊಳ್ಳುತ್ತದೆ. ಇಂಗ್ಲಿಷ್ ಒಪ್ಪುವುದಿಲ್ಲ. "ಹಿಯರಿಂಗ್ ದಿ ನ್ಯೂಸ್, ಟಿಯರ್ಸ್ ಕೇಮ್ ಟು ಮೈ ಐಸ್" ಎಂದರೆ ಸುದ್ದಿ ಕೇಳಿದ್ದು ಕಣ್ಣೀರು. ಹಸಿವಾಯಿತು, ನೆನಪಾಯಿತು, ಬೇಸರವಾಯಿತು, ಭಯವಾಯಿತು, ಅರ್ಥವಾಯಿತು, ಇಷ್ಟವಾಯಿತು: ಮನಸ್ಸು ಮೈಗಳ ಅನುಭವವನ್ನು ಕನ್ನಡ ಹೆಚ್ಚಾಗಿ "ನನಗೆ" ಹಾಕಿ ಹೇಳುವುದರಿಂದ ಈ ಬಲೆ ಬಹಳ ದೊಡ್ಡದು. ಬಿಡಿಸಿಕೊಳ್ಳುವುದು ಹೀಗೆ: ಮುಖ್ಯ ವಾಕ್ಯವನ್ನು ಅನುಭವಿಸಿದವರಿಂದಲೇ ಶುರುಮಾಡಿ. "ರೀಡಿಂಗ್ ದಿ ರಿಪೋರ್ಟ್, ಶಿ ಗಾಟ್ ಆಂಗ್ರಿ." ಪಾರ್ಟಿಸಿಪಲ್ ಆದ ಮೇಲಿನ ಅಲ್ಪವಿರಾಮದ ಬೆನ್ನಿಗೆ ಬರುವ ನಾಮಪದವನ್ನು ಬೆರಳಿಟ್ಟು ನೋಡಿ, ಆ ಕೆಲಸ ಮಾಡಿದ್ದು ಅದೇನಾ ಎಂದು ಕೇಳಿಕೊಳ್ಳಿ.

ಕನ್ನಡ ಇನ್ನೂ ಒಂದು ಕಡೆ ಸಡಿಲ. "ಮಳೆ ಬಂದು ಕೆರೆ ತುಂಬಿತು" ಎಂಬಲ್ಲಿ ಕರ್ತೃಗಳು ಬೇರೆ ಬೇರೆ, ಆದರೂ ವಾಕ್ಯ ಸರಿ. ಯಾರೂ ಇಚ್ಛೆಯಿಂದ ಮಾಡಿದ ಕೆಲಸವಲ್ಲ, ಒಂದರಿಂದ ಇನ್ನೊಂದಾಯಿತು ಎಂದಾಗ ನಾವು ಹೀಗೆ ಹೇಳುತ್ತೇವೆ. ಇದು ಇಂಗ್ಲಿಷಿಗೆ ಹೋಗುವಾಗ ಕುತೂಹಲದ ಪಲ್ಟಿ ನಡೆಯುತ್ತದೆ. "ಮರ ಬಿದ್ದು ರಸ್ತೆ ಬಂದ್ ಆಯಿತು" ಎಂಬುದಕ್ಕೆ ಸಹಜ ಇಂಗ್ಲಿಷ್ "ಎ ಟ್ರೀ ಫೆಲ್, ಬ್ಲಾಕಿಂಗ್ ದಿ ರೋಡ್." ಗಮನಿಸಿ: ಕನ್ನಡದಲ್ಲಿ ಕಾರಣ "ಬಿದ್ದು" ಎಂದು ಕೃದಂತವಾಯಿತು, ಪರಿಣಾಮ ಪೂರ್ಣ ಕ್ರಿಯಾಪದವಾಯಿತು. ಇಂಗ್ಲಿಷಿನಲ್ಲಿ ಕಾರಣಕ್ಕೆ ಪೂರ್ಣ ಕ್ರಿಯಾಪದ, ಪರಿಣಾಮಕ್ಕೆ ಪಾರ್ಟಿಸಿಪಲ್. ಇಂಗ್ಲಿಷ್ ಸುದ್ದಿಗಳಲ್ಲಿ ಹೆಜ್ಜೆಗೊಮ್ಮೆ ಸಿಗುವ ಈ ರಚನೆಯನ್ನು ಕನ್ನಡದಿಂದ ಪದಕ್ಕೆ ಪದ ಇಟ್ಟು ಯಾರೂ ಮುಟ್ಟಲಾರರು. "ದಿ ರಿವರ್ ರೋಸ್, ಫ್ಲಡಿಂಗ್ ದಿ ಫೀಲ್ಡ್ಸ್." ನದಿ ಉಕ್ಕಿ ಹೊಲಗಳು ಮುಳುಗಿದವು. ಒಮ್ಮೆ ಈ ಪಲ್ಟಿ ಕಣ್ಣಿಗೆ ಬಿದ್ದರೆ ಅನುವಾದ ಮಾಡುವವರಿಗೆ ಎರಡೂ ದಿಕ್ಕಿನಲ್ಲಿ ಲಾಭ. ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವಾಗ "ಮರ ಬಿದ್ದಿತು, ರಸ್ತೆಯನ್ನು ತಡೆಯುತ್ತಾ" ಎಂದು ಬರೆಯುವ ದುರ್ಗತಿ ತಪ್ಪುತ್ತದೆ.

ಈ ಕೊನೆಯ "ಇಂಗ್" ಅನ್ನು ಇಂಗ್ಲಿಷಿನವರೇ ಎಲ್ಲೆಂದರಲ್ಲಿ ಬಳಸಿ ಹಾಳುಮಾಡಿದ್ದಾರೆ ಎಂಬುದು ನನ್ನ ತಕರಾರು. "ಹಿ ವಾಸ್ ಬಾರ್ನ್ ಇನ್ 1950, ಬಿಕಮಿಂಗ್ ಎ ಡಾಕ್ಟರ್" ಥರದ ವಾಕ್ಯದಲ್ಲಿ ಹುಟ್ಟಿದ್ದರ ಪರಿಣಾಮವಾಗಿ ಡಾಕ್ಟರಾದ ಹಾಗಿದೆ. ಪರಿಣಾಮವೋ, ಅದೇ ಹೊತ್ತಿನಲ್ಲಿ ನಡೆದದ್ದೋ ಅಲ್ಲದಿದ್ದರೆ "ಆಂಡ್" ಹಾಕುವುದೇ ಲೇಸು.

"ಆಂಡ್" ಬಗ್ಗೆ ನಮಗೆ ಸ್ವಲ್ಪ ಸಂಕೋಚವಿದೆ, ಅದು ಬೇಡ. "ಎದ್ದು, ಮುಖ ತೊಳೆದು, ಬಟ್ಟೆ ಬದಲಿಸಿ, ಬಾಗಿಲು ಹಾಕಿಕೊಂಡು ಹೊರಟ" ಎಂಬುದನ್ನು ನಾಲ್ಕು "ಇಂಗ್"ಗಳಿಂದ ಕಟ್ಟಿದರೆ ನಾಲ್ಕೂ ಕೆಲಸವನ್ನು ಒಟ್ಟಿಗೆ ಮಾಡಿದ ಹಾಗೆ ಕೇಳುತ್ತದೆ. ಕನ್ನಡದ "ಎದ್ದು" ಒಂದಾದ ಮೇಲೊಂದು ಎಂಬ ಸರಣಿ ಹೇಳುತ್ತದೆ, ಇಂಗ್ಲಿಷಿನ ಬರೀ "ಇಂಗ್" ಹೆಚ್ಚಾಗಿ ಜೊತೆಜೊತೆಗೇ ಎನ್ನುತ್ತದೆ, ಇಲ್ಲವೇ ತಕ್ಷಣ ಹಿಂದೆಯೇ ಎನ್ನುತ್ತದೆ. "ಹಿ ಗಾಟ್ ಅಪ್, ವಾಷ್ಡ್ ಹಿಸ್ ಫೇಸ್, ಚೇಂಜ್ಡ್ ಆಂಡ್ ಲೆಫ್ಟ್, ಲಾಕಿಂಗ್ ದಿ ಡೋರ್ ಬಿಹೈಂಡ್ ಹಿಮ್." ಸರಣಿಗೆಲ್ಲ ಭೂತಕಾಲದ ಕ್ರಿಯಾಪದ, ಹೊರಡುವುದಕ್ಕೆ ಅಂಟಿಕೊಂಡ ಬಾಗಿಲಿಗೆ ಮಾತ್ರ "ಇಂಗ್". ನಡುವೆ ಹೊತ್ತು ಕಳೆದಿದ್ದರೆ, ಅಥವಾ ಒಂದು ಮುಗಿದ ಮೇಲೇ ಇನ್ನೊಂದು ಎಂದು ಒತ್ತಿ ಹೇಳಬೇಕಿದ್ದರೆ "ಹ್ಯಾವಿಂಗ್ ಫಿನಿಶ್ಡ್" ಇದೆ. ಅದು ಕೊಂಚ ಬರಹದ ಭಾಷೆ, ಮಾತಿನಲ್ಲಿ "ಆಫ್ಟರ್ ಹಿ ಫಿನಿಶ್ಡ್" ಸಾಕು.

ನೇತಾಡುವ ಪಾರ್ಟಿಸಿಪಲ್ಲುಗಳಲ್ಲಿ ಕೆಲವಕ್ಕೆ ಮಾಫಿ ಸಿಕ್ಕಿದೆ. "ಕನ್ಸಿಡರಿಂಗ್ ಹಿಸ್ ಏಜ್, ದಿ ರಿಸಲ್ಟ್ ಈಸ್ ಗುಡ್" ಎಂದಾಗ ಪರಿಗಣಿಸಿದ್ದು ಯಾರು ಅಂತ ಯಾರೂ ಕೇಳುವುದಿಲ್ಲ. "ಜಡ್ಜಿಂಗ್ ಬೈ", "ಜೆನರಲಿ ಸ್ಪೀಕಿಂಗ್", "ಗಿವನ್", "ರಿಗಾರ್ಡಿಂಗ್" ಇವೆಲ್ಲ ಬಳಸಿ ಬಳಸಿ ಪ್ರಿಪೊಸಿಷನ್ನಿನ ಹಾಗೆ ಆಗಿಬಿಟ್ಟಿವೆ. "ಡ್ಯೂರಿಂಗ್" ಕೂಡ ಮೂಲದಲ್ಲಿ ಈಗ ಬಳಕೆತಪ್ಪಿದ ಒಂದು ಕ್ರಿಯಾಪದದ "ಇಂಗ್" ರೂಪವೇ. ನಮ್ಮಲ್ಲೂ "ಅವನನ್ನು ಬಿಟ್ಟು ಎಲ್ಲರೂ ಬಂದರು" ಎಂದಾಗ ಬಿಟ್ಟವರ‍್ಯಾರು ಎಂಬ ಪ್ರಶ್ನೆ ಏಳುವುದಿಲ್ಲ. ವಿಜ್ಞಾನದ ಬರಹದಲ್ಲಿ "ಯೂಸಿಂಗ್ ಎ ಸ್ಕೇಲ್, ದಿ ಲೆಂತ್ ವಾಸ್ ಮೆಷರ್ಡ್" ಎಂಬಂಥವನ್ನೂ ಹೆಚ್ಚಿನವರು ಸುಮ್ಮನೆ ದಾಟಿಕೊಂಡು ಹೋಗುತ್ತಾರೆ. ಇನ್ನೂ ಜಗಳದಲ್ಲಿರುವುದು "ಬೇಸ್ಡ್ ಆನ್". "ಬೇಸ್ಡ್ ಆನ್ ದಿ ರಿಪೋರ್ಟ್, ವಿ ಡಿಸೈಡೆಡ್ ಟು ವೇಟ್" ಎಂದು ದಿನವೂ ಬರೆಯುವವರಿದ್ದಾರೆ, ಅದಕ್ಕೆ ಕೆಂಪು ಗೆರೆ ಎಳೆಯುವ ಸಂಪಾದಕರೂ ಇದ್ದಾರೆ. ವಾದಕ್ಕೆ ಬಿಡುವಿಲ್ಲದಿದ್ದರೆ "ಆನ್ ದಿ ಬೇಸಿಸ್ ಆಫ್" ಎಂದು ಬರೆದು ಮುಂದೆ ಹೋಗಿ.